ತೂತಿನ ಡಬ್ಬಿ ಮತ್ತು ಸುರಪುರದ ಬಿಸಿಲು

ಮೊನ್ನೆ ನಮ್ಮ ಮನೆಯವರು ಶಹಾಪುರಕ್ಕೆ ಹೊರಟಿದ್ದರು. ಅಲ್ಲಿರುವ ನಮ್ಮ ಗಂಗಕ್ಕನಿಗೆ ಒಂದಿಷ್ಟು ಶೇಂಗಾ ಹೋಳಿಗೆ ಕಳಿಸೋಣವೆಂದು ನಾನು, "ಅಟ್ಟದ ಮ್ಯಾಲೆ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಅದ, ಇಳಸ್ರಿ" ಎಂದೆ. ಅವರು ಸ್ಟೂಲು ಹತ್ತಿ, ಒಂದು ಡಬ್ಬಿ ಇಳಿಸಿ, ಅದರ ಮುಚ್ಚಳವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಇದು ಡಬ್ಬಿ ಏನು ಜರಡಿ?" ಎಂದರು.

ಮುಚ್ಚಳದ ತುಂಬ ತೂತು. ಕಾಯಿಸಿದ ಮೊಳೆಯಿಂದ ನಾನೇ ಕೊರೆದವು. ಸಾಲು ಕೂಡ ನೆಟ್ಟಗಿಲ್ಲ.

"ಅದನ್ನ ಅಲ್ಲೇ ಇಡ್ರಿ" ಎಂದೆ. ನನ್ನ ಎರಡೂ ಕಿವಿ ಬಿಸಿಯಾದವು. ನಮ್ಮ ಮನೆಯವರು ಸುರಪುರದ ರಂಗಂಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹೆಸರು ಶರಣಪ್ಪ. ಗಿರಾಕಿ ಯಾವ ಸೀರೆ ಬೇಡವೆನ್ನುತ್ತಾಳೆ ಎಂಬುದು ಅವಳಿಗಿಂತ ಮೊದಲು ಅವರಿಗೆ ತಿಳಿಯುತ್ತದೆ. ಹೀಗಾಗಿ ಮುಂದೆ ಏನೂ ಕೇಳದೆ ಡಬ್ಬಿಯನ್ನು ಮೇಲಿಟ್ಟರು. ಆದರೆ ಇಳಿಯುವಾಗ ಮೀಸೆಯೊಳಗೇ ನಕ್ಕಿದ್ದನ್ನು ನಾನು ನೋಡಿದೆ. ಹೋಳಿಗೆ ಕೊನೆಗೆ ಸ್ಟೀಲಿನ ಡಬ್ಬಿಯಲ್ಲಿ ಹೋಯಿತು. ನಾನು ಮಾತ್ರ ಇಡೀ ದಿನ ಆ ತೂತುಗಳನ್ನೇ ನೆನೆಸಿಕೊಂಡು ಒಬ್ಬಳೇ ನಾಚುತ್ತ ಕೂತೆ. ನಿಮಗೆ ಹೇಳಿದರೆ ಸ್ವಲ್ಪ ಹಗುರಾದೀತು. ನಗುವುದಿದ್ದರೆ ನಗ್ರಿ. ಊರೇ ನಕ್ಕಾಗಿದೆ.

ನಾನು ಸುರಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ಸಂಗತಿ ಕನ್ನಡದ ಟೀಚರಿಗೋ ಡ್ರಾಯಿಂಗ್ ಮಾಸ್ತರರಿಗೋ ಆಗಿದ್ದರೆ ಇಷ್ಟು ನಾಚಿಕೆ ಪಡಬೇಕಾದದ್ದಿರಲಿಲ್ಲ.

ಬ್ಯಾಟರಿಯ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದು. ನನ್ನ ತವರು ಯಾದಗಿರಿ ಹತ್ತಿರದ ರಾಮಸಮುದ್ರ. ನಮ್ಮ ಅಪ್ಪನಿಗೆ ಒಂದು ರೇಡಿಯೋ ಇತ್ತು, ಅದಕ್ಕೆ ದಪ್ಪ ದಪ್ಪ ಸೆಲ್ಲು. ಹೊಸ ಸೆಲ್ಲು ಹಾಕಿದ ವಾರ ರೇಡಿಯೋದ ದನಿ ಓಣಿಯ ಆ ತುದಿಗೆ ಕೇಳುತ್ತಿತ್ತು. ಬರಬರುತ್ತ ಅದು ಜ್ವರ ಬಂದವರ ಹಾಗೆ ಕ್ಷೀಣವಾಗುತ್ತಿತ್ತು. ಆಗ ಅಪ್ಪ ಸೆಲ್ಲುಗಳನ್ನು ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಒಣಗಲು ಇಡುತ್ತಿದ್ದ. ಬಿಸಿಲುಂಡ ಸೆಲ್ಲು ಇನ್ನೆರಡು ದಿನ ಜೀವ ಹಿಡಿಯುತ್ತದೆಂದು ನಮ್ಮ ಕಡೆ ಎಲ್ಲರ ನಂಬಿಕೆ. ಒಂದು ಕಡೆ ಕೆಂಪು ಮೆಣಸಿನಕಾಯಿ, ಒಂದು ಕಡೆ ಸಂಡಿಗೆ, ನಡುವೆ ಸಾಲಾಗಿ ಮಲಗಿದ ಸೆಲ್ಲು. "ನಿಮ್ಮಪ್ಪ ಸಂಜಿಗೆ ಸೆಲ್ಲಿನ ಪಲ್ಯಾ ಮಾಡು ಅಂತಾನ ನೋಡು" ಎಂದು ಅವ್ವ ಗೊಣಗುತ್ತಿದ್ದಳು. ಕಾಗೆ ಕಾಯಲು ನಾನು. ಕಾಗೆ ಸಂಡಿಗೆ ಒಯ್ದರೆ ಅವ್ವನ ಬೈಗುಳ, ಸೆಲ್ಲು ಉರುಳಿ ಅಂಗಳಕ್ಕೆ ಬಿದ್ದರೆ ಅಪ್ಪನ ಬೈಗುಳ.

ಸಂಜೆ ಆ ಸೆಲ್ಲುಗಳನ್ನು ಮತ್ತೆ ಹಾಕಿದಾಗ ರೇಡಿಯೋ ಗಟ್ಟಿಯಾಗಿಯೇ ಶುರುವಾಗುತ್ತಿತ್ತು. ವಾರ್ತೆ ಮುಗಿದು ಹವಾಮಾನ ವರದಿ ಬರುವ ಹೊತ್ತಿಗೆ ಸರಿಯಾಗಿ ಸೆಲ್ಲು ಕೈಕೊಡುತ್ತಿದ್ದವು. ಕರಾವಳಿಯಲ್ಲಿ ಏನಾಗುತ್ತದೆ, ದಕ್ಷಿಣ ಒಳನಾಡಿನಲ್ಲಿ ಏನಾಗುತ್ತದೆ ಎಂಬುದೆಲ್ಲ ಸ್ಪಷ್ಟ. "ಉತ್ತರ ಒಳನಾಡಿನಲ್ಲಿ" ಎನ್ನುವಷ್ಟರಲ್ಲಿ ದನಿ ಸತ್ತುಹೋಗುತ್ತಿತ್ತು. ಅಪ್ಪ ಕಿವಿಯನ್ನು ರೇಡಿಯೋಕ್ಕೆ ಒತ್ತಿ ಹಿಡಿದು, ಕೊನೆಗೆ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬರುತ್ತಿದ್ದ. ಉತ್ತರ ಒಳನಾಡಿನಲ್ಲಿ ಏನಾಗುತ್ತದೆ ಎಂಬುದು ನನ್ನ ಬಾಲ್ಯದುದ್ದಕ್ಕೂ ಯಾರಿಗೂ ತಿಳಿಯಲೇ ಇಲ್ಲ.

ಬಹುಶಃ ಅದಕ್ಕೇ ಇರಬೇಕು, ಕೂದಲು ಬೆಳ್ಳಗಾಗುವ ವಯಸ್ಸಿನಲ್ಲಿ ನಾನು ಮಾಳಿಗೆಯ ಮೇಲೆ ಒಂದು ಹವಾಮಾನ ಕೇಂದ್ರ ನೆಟ್ಟದ್ದು. ಹೆಸರು ಕೇಳಿ ದೊಡ್ಡ ಕಟ್ಟಡ ಎಂದುಕೊಳ್ಳಬೇಡಿ. ಒಂದು ಕಬ್ಬಿಣದ ಪೈಪು. ಅದರ ನೆತ್ತಿಯ ಮೇಲೆ ಗಾಳಿಗೆ ತಿರುಗುವ ಮೂರು ಬಟ್ಟಲು. ಪಕ್ಕದಲ್ಲಿ ಮಳೆ ಅಳೆಯುವ ಪುಟ್ಟ ಬಕೀಟು. ಕೆಳಗೆ, ಇಡ್ಲಿ ತಟ್ಟೆಗಳನ್ನು ಬೋರಲು ಹಾಕಿ ಜೋಡಿಸಿದಂಥ ಬಿಳಿಯ ಗೂಡು. ಆ ಗೂಡಿನೊಳಗೆ ಉಷ್ಣಮಾಪಕ. ಇವೆಲ್ಲ ಅಳೆದದ್ದು ನಮ್ಮ ಪಡಸಾಲೆಯ ಗೋಡೆಯ ಮೇಲಿನ ಪುಟ್ಟ ಪರದೆಗೆ ತಾನಾಗಿ ಬರುತ್ತದೆ. ಪರದೆಗೆ ಎರಡು ಸಣ್ಣ ಸೆಲ್ಲು ಸಾಕು, ಮೇಲಿನ ಯಂತ್ರಕ್ಕೆ ಮಾತ್ರ ಮನೆಯ ಕರೆಂಟೇ ಬೇಕು. ಎದುರಿನ ಔಷಧಿ ಅಂಗಡಿಯ ರಾಚಪ್ಪ ಮೊದಲ ದಿನ ಕತ್ತೆತ್ತಿ ನೋಡಿ, "ಟೀಚರ, ಇದರಾಗ ಎಷ್ಟು ಚಾನೆಲ್ ಬರ್ತಾವ್ರಿ?" ಎಂದು ಕೇಳಿದ.

ಓಣಿಯವರಿಗಾಗಿ ಮೊಬೈಲಿನಲ್ಲಿ ಒಂದು ಗುಂಪು ಮಾಡಿದೆ. ದಿನಾ ಮಧ್ಯಾಹ್ನ ತಾಪಮಾನ ಬರೆದು ಹಾಕುವುದು. ಮೊದಮೊದಲು ಯಾರೂ ನೋಡುತ್ತಿರಲಿಲ್ಲ. ಆಮೇಲೆ ಅಂಗಡಿಯವರು ಸೇರಿದರು, ನಮ್ಮ ಶಾಲೆಯವರು ಸೇರಿದರು, ನಿವೃತ್ತರಾದ ಗುಮಾಸ್ತರೊಬ್ಬರು ಸೇರಿ ದಿನಾ ಎರಡು ಕೈ ಜೋಡಿಸಿದ ಚಿತ್ರ ಕಳಿಸತೊಡಗಿದರು. ಬಜಾರಿನಲ್ಲಿ ನನಗೆ "ಹವಾ ಟೀಚರ್" ಎಂಬ ಹೆಸರು ಬಿತ್ತು. ಕೇಳಿಸದವಳಂತೆ ನಡೆಯುತ್ತಿದ್ದೆ. ಕೇಳಿಸುತ್ತಿತ್ತು.

ಒಂದೇ ತೊಂದರೆ, ಕರೆಂಟು. ನಿಮಗೆ ಗೊತ್ತಿರಬಹುದು, ಗಾಳಿ ಶಹಾಪುರ ದಾಟುವ ಮೊದಲೇ ಸುರಪುರದಲ್ಲಿ ಕರೆಂಟು ಹೋಗುತ್ತದೆ. ಎಲ್ಲಾ ದಿನ ಸುಮ್ಮನೆ ಬಿಸಿಲು ಅಳೆದ ಯಂತ್ರ, ವರ್ಷಕ್ಕೊಮ್ಮೆ ಬರುವ ಬಿರುಗಾಳಿಯ ಹೊತ್ತಿಗೆ ಕಣ್ಣು ಮುಚ್ಚಿ ಮಲಗುತ್ತಿತ್ತು. ಬೇಸಿಗೆಯ ಮೊದಲ ಮಳೆ ದಡದಡ ಹೊಡೆದು ಹೋದ ಸಂಜೆ ನಾನು ಗುಂಪಿನಲ್ಲಿ ಬರೆಯಲು ಏನೂ ಇಲ್ಲದೆ ಕೂತಿದ್ದೆ. ರಾಚಪ್ಪ ಅಂಗಡಿಯಿಂದಲೇ ಕೂಗಿದ, "ಟೀಚರ, ನಿಮ್ಮ ಮಷೀನು ಮಳಿಗಿ ಅಂಜತದೇನ್ರಿ?"

ಆ ಮಾತು ನನಗೆ ಚುಚ್ಚಿತು. ಬ್ಯಾಟರಿ ಕಟ್ಟಲೇಬೇಕು ಎಂದು ನಿರ್ಧರಿಸಿದೆ.

ಶಾಲೆಯ ಆಫೀಸಿನಲ್ಲಿ ಕಂಪ್ಯೂಟರಿನ ಹಳೆಯ ಯುಪಿಎಸ್ ಒಂದನ್ನು ಗುಜರಿಗೆ ಹಾಕಲು ತೆಗೆದಿಟ್ಟಿದ್ದರು. ಹೆಡ್ಮಾಸ್ತರರನ್ನು ಕೇಳಿ ಅದರೊಳಗಿನ ಬ್ಯಾಟರಿ ತಂದೆ. ಯಾದಗಿರಿಗೆ ಹೋಗಿ ಸ್ಟೇಷನ್ ರಸ್ತೆಯ ಅಂಗಡಿಯಲ್ಲಿ ಉಳಿದ ಸಾಮಾನು ತಂದೆ. ಮಾಡಬೇಕಾದದ್ದು ಹೇಳಲು ಸರಳ: ಕರೆಂಟು ಇದ್ದಾಗ ಬ್ಯಾಟರಿ ತುಂಬಿಕೊಳ್ಳಬೇಕು, ಹೋದಾಗ ಬ್ಯಾಟರಿಯೇ ಯಂತ್ರ ನಡೆಸಬೇಕು, ಎರಡರ ನಡುವೆ ಯಂತ್ರ ರೆಪ್ಪೆ ಕೂಡ ಬಡಿಯಬಾರದು. ಬ್ಯಾಟರಿ ಕೊಡುವುದು ಹನ್ನೆರಡು ವೋಲ್ಟ್, ಯಂತ್ರ ಕುಡಿಯುವುದು ಐದು. ನಡುವೆ ಅದನ್ನು ಇಳಿಸಿ ಕೊಡುವ ಉಗುರಗಲದ ಒಂದು ಬಿಲ್ಲೆ.

ಕಟ್ಟುವಾಗ ಪಟ್ಟ ಪಾಡು ಬೇರೆ. ಮೊದಲನೆಯ ಬಿಲ್ಲೆಗೆ ಕೆಂಪು ತಂತಿಯ ಜಾಗಕ್ಕೆ ಕಪ್ಪು ತಂತಿ ಹಾಕಿದೆ. ಅದು ಟಪ್ಪೆಂದು ಒಂದು ಸಣ್ಣ ಹೊಗೆ ಬಿಟ್ಟು ಶಿವನ ಪಾದ ಸೇರಿತು. ಅಡುಗೆಮನೆಯಿಂದ ನಮ್ಮ ಮನೆಯವರು, "ಏನ್ ಸುಡಾಕತ್ತದ?" ಎಂದರು. "ಏನಿಲ್ರಿ, ಪ್ರಯೋಗ" ಎಂದೆ. "ಪ್ರಯೋಗ ವಾಸನಿ ಹೊಡ್ಯಾಕತ್ತದ" ಎಂದರು. ಎರಡನೆಯದು ಬದುಕಿತು. ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿದೆ. ಬ್ಯಾಟರಿ ತುಂಬುವಾಗ ಬಿಸಿಯಾಗುತ್ತದೆ, ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಆದ್ದರಿಂದ ಮುಚ್ಚಳಕ್ಕೆ ತೂತು ಕೊರೆದೆ. ಎಂಥ ಶಾಣ್ಯಾಕಿ ನಾನು ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡೆ. ತಂತಿ ಗಿಡ್ಡದಾಯಿತು. ಉದ್ದದ್ದು ತರಲು ಮತ್ತೆ ಯಾದಗಿರಿಗೆ ಯಾರು ಹೋಗಬೇಕು? ಡಬ್ಬಿಯನ್ನು ಪೈಪಿಗೇ, ಬಿಳಿಯ ಗೂಡಿನ ಬುಡಕ್ಕೇ ಬಿಗಿದು ಕಟ್ಟಿದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ರಂಗಂಪೇಟೆಯ ಕರೆಂಟು ಎಂದಿನಂತೆ ಮುಂಚಿತವಾಗಿ ಹೋಯಿತು. ಫ್ಯಾನು ನಿಂತವು, ಗಿರಣಿ ನಿಂತಿತು. ನಮ್ಮ ಪಡಸಾಲೆಯ ಪರದೆ ಮಾತ್ರ ನಿಲ್ಲಲಿಲ್ಲ. ಗಾಳಿಯ ವೇಗ ಏರುವುದು, ತಾಪ ಇಳಿಯುವುದು, ಮಳೆಯ ಮೊದಲ ಹನಿ ಬಿದ್ದದ್ದು ಎಲ್ಲವೂ ಬಂದಿತು. ನಾನು ಒಂದೊಂದೇ ಬರೆದು ಹಾಕುತ್ತ ಹೋದೆ. ರಾಚಪ್ಪ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಪರೀಕ್ಷೆಯಲ್ಲಿ ಪಾಸಾದ ಮಕ್ಕಳ ಮುಖ ನೂರಾರು ಸಲ ನೋಡಿದ್ದೇನೆ. ಅವತ್ತು ಕನ್ನಡಿಯಲ್ಲಿ ನನ್ನ ಮುಖವೂ ಹಾಗೇ ಇತ್ತು.

ಅಲ್ಲಿಂದ ಮುಂದೆ ಸುರಪುರದ ಬಿಸಿಲು ಏರುತ್ತ ಹೋಯಿತು. ನಲವತ್ನಾಲ್ಕು, ನಲವತ್ತೈದು. ಕರೆಂಟು ಬಹಳ ಹೊತ್ತು ಹೋಗಿ ಮಧ್ಯಾಹ್ನ ಮರಳಿ ಬಂದ ಒಂದು ದಿನ ನಲವತ್ತೇಳು ದಾಟಿತು. ನಾನು ಕಣ್ಣುಜ್ಜಿಕೊಂಡು ನೋಡಿದೆ. ಗುಂಪಿನಲ್ಲಿ ಹಾಕಿದೆ. ಗುಂಪಿನಿಂದ ಅದು ಎಲ್ಲೆಲ್ಲಿಗೋ ಹೋಯಿತು. ಮರುದಿನ ಒಬ್ಬ ಪತ್ರಕರ್ತರು ಬಂದು, ನನ್ನನ್ನು ಪೈಪಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದು, "ಸುರಪುರದಲ್ಲೇ ಯಾಕ್ರಿ ಟೀಚರ್ ಇಷ್ಟು ಬಿಸಲು?" ಎಂದು ಕೇಳಿದರು.

ಇಲ್ಲಿ ನೋಡಿ, ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಟೀಚರುಗಳಿಗೆ ಆ ಶಬ್ದ ಬಾಯಿಗೆ ಬರುವುದಿಲ್ಲ. ನಮ್ಮ ಊರ ಸುತ್ತಲಿನ ಬೋಳು ಕಲ್ಲುಗುಡ್ಡಗಳು ಹಗಲು ಹೇಗೆ ಕಾಯುತ್ತವೆ, ಕಾದ ಕಲ್ಲು ಗಾಳಿಗೆ ಹೇಗೆ ಬಿಸಿ ಕೊಡುತ್ತದೆ, ಗುಡ್ಡಗಳ ನಡುವೆ ಸಿಕ್ಕ ಊರು ಒಲೆಯ ಮೇಲಿನ ಹಂಚಿನಂತೆ ಹೇಗಾಗುತ್ತದೆ ಎಂದು ಕೈ ಆಡಿಸಿ ಆಡಿಸಿ ವಿವರಿಸಿದೆ. ಪೇಪರಿನಲ್ಲಿ ಅದಷ್ಟೂ ಬಂತು, ಹಂಚಿನ ಸಮೇತ.

ಶಹಾಪುರದಿಂದ ಗಂಗಕ್ಕ ಫೋನು ಮಾಡಿದಳು. "ಅಲ್ಲ, ಇಲ್ಲಿ ನಲವತ್ಮೂರು ಅಂತಾರ. ನಿಮ್ಮ ಊರೇನು ಸೂರ್ಯಾಗ ಸಮೀಪ ಅದ ಏನ?"

"ಅಕ್ಕಾ, ಅದು ಗುಡ್ಡದ ಪ್ರಭಾವ."

"ನಮ್ಮಲ್ಲೇನು ಗುಡ್ಡ ಇಲ್ಲೇನು? ಗುಡ್ಡ ಬುದ್ಧ ಮಲಗಿದಂಗ ಅದ ಅಂತ ನೋಡಾಕ ಮಂದಿ ಬರ್ತಾರ."

"ಆ ಗುಡ್ಡ ಬ್ಯಾರೆ, ಈ ಗುಡ್ಡ ಬ್ಯಾರೆ" ಎಂದೆ. ಏಳನೇ ತರಗತಿಗೆ ಶಾಲೆ ಬಿಟ್ಟ ಅಕ್ಕ ಸರಿಯಾದ ಪ್ರಶ್ನೆ ಕೇಳಿದ್ದಳು. ನಾನು ಫೋನು ಇಟ್ಟು ಪೇಪರಿನ ಫೋಟೋದಲ್ಲಿ ನನ್ನ ಸೀರೆ ಸರಿ ಕಾಣುತ್ತಿದೆಯೇ ಎಂದು ನೋಡುತ್ತಿದ್ದೆ.

ಇಲ್ಲಿಯವರೆಗೆ ಇದು ನಗುವ ಸಂಗತಿ. ಮುಂದಿನದು ಹಾಗಲ್ಲ.

ನಮ್ಮ ಓಣಿಗೆ ಮೊಸರು ತರುವ ಮಾನಮ್ಮ ಎಂಬಾಕೆ ಇದ್ದಾಳೆ. ಊರ ಹೊರಗಿನ ಹಳ್ಳಿಯವಳು. ಬೇಸಿಗೆಯಲ್ಲಿ ಎಮ್ಮೆ ಹಾಲು ಬತ್ತಿಸಿದಾಗ ಹಳ್ಳಿಯ ಇತರ ಹೆಂಗಸರ ಜೊತೆ ಸರಕಾರಿ ಕೂಲಿ ಕೆಲಸಕ್ಕೆ, ಕೆರೆಯ ಹೂಳೆತ್ತಲು ಹೋಗುತ್ತಾಳೆ. ಒಂದು ಬೆಳಿಗ್ಗೆ ಆಕೆ ಬರಿಗೈಯಲ್ಲಿ ಬಂದಳು. ಇಲ್ಲ, ಬರಿಗೈ ಅಲ್ಲ, ಕೈಯಲ್ಲಿ ಒಂದು ತೆಂಗಿನಕಾಯಿ ಇತ್ತು.

"ಟೀಚರ, ನೀವು ಪೇಪರ್‌ನಾಗ ಹಾಕಿಸಿದ್ದು ಭಾಳ ಚಲೋ ಆತ್ರಿ. ನಾವೆಲ್ಲಾ ಅದನ್ನ ಒಯ್ದು ಕೆರಿ ಕೆಲಸ ನೋಡೂ ಇಂಜಿನಿಯರ್ ಸಾಹೇಬ್ರಿಗಿ ತೋರಿಸಿದ್ವಿ. ನಸುಕಿನ್ಯಾಗ ಬಂದು ಬಿಸಲೇರೂದ್ರಾಗ ಮನಿಗಿ ಹೋಗ್ರಿ ಅಂದಾರ. ಮೊದಲೆಲ್ಲಾ ಮಧ್ಯಾಹ್ನದ ಹಾಜರಿ ಫೋಟೋ ತೆಗಿಯೂತನಕ ಬಿಸಲಾಗೇ ಇರಬೇಕಿತ್ರಿ."

ತೆಂಗಿನಕಾಯಿ ನನ್ನ ಕೈಗಿಟ್ಟಳು. ನಾನು ಬೇಡವೆನ್ನಲಿಲ್ಲ. ಅದನ್ನು ಒಡೆದು ಚಟ್ನಿ ಮಾಡಿ ತಿಂದೆವು.

ಮೇ ತಿಂಗಳಲ್ಲಿ ಕಣಜದ ಹುಳುಗಳು ಆ ಡಬ್ಬಿಯ ತೂತುಗಳ ಮೂಲಕ ಒಳಗೆ ಹೋಗಿ ಗೂಡು ಕಟ್ಟತೊಡಗಿದವು. ಒಂದು ಮಧ್ಯಾಹ್ನ ತಲೆಗೆ ಟವೆಲು ಸುತ್ತಿಕೊಂಡು ಹೋಗಿ, ಕಟ್ಟು ಬಿಚ್ಚಿ, ಯಂತ್ರಕ್ಕೆ ನೇರ ಕರೆಂಟು ಕೊಟ್ಟು, ಡಬ್ಬಿಯನ್ನು ಕೆಳಗೆ ತಂದೆ. ಹಿಡಿದ ಕೈ ಸುಟ್ಟಿತು. ಹುಳ ತೆಗೆದು ಒರೆಸಿ, ಮುಖ ತೊಳೆದು ಪಡಸಾಲೆಗೆ ಬಂದರೆ ಪರದೆ ನಲವತ್ಮೂರು ತೋರಿಸುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ಅದೇ ಪರದೆಯಲ್ಲಿ ನಲವತ್ತೇಳು ನೋಡಿ ಹೋಗಿದ್ದೆ. ಹೊರಗೆ ಬಂದು ನೋಡಿದೆ. ಒಂದು ಚೂರು ಮೋಡವಿಲ್ಲ. ಎಲೆ ಅಲ್ಲಾಡುತ್ತಿಲ್ಲ. ರಾಚಪ್ಪನ ಅಂಗಡಿಯ ಮುಂದೆ ನಾಯಿ ನಾಲಿಗೆ ಚಾಚಿ ಬಿದ್ದಿತ್ತು.

ಮರುದಿನ ಡಬ್ಬಿಯನ್ನು ಮತ್ತೆ ಅಲ್ಲಿಯೇ ಕಟ್ಟಿದೆ. ಅಂಕಿ ಏರಿತು. ಬಿಚ್ಚಿದೆ. ಇಳಿಯಿತು. ಕಲಿಸುವಾಗ ಮಕ್ಕಳಿಗೆ ಪ್ರಯೋಗವನ್ನು ಮೂರು ಸಲ ಮಾಡಿ ನೋಡಿ ಎನ್ನುತ್ತೇನೆ, ಮೂರನೆಯ ಸಲ ಮಾಡಲು ನನಗೆ ಧೈರ್ಯವಾಗಲಿಲ್ಲ. ಸುರಪುರದ ಗುಡ್ಡ ಕಾದಿರಲಿಲ್ಲ, ನನ್ನ ಡಬ್ಬಿ ಕಾದಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಬ್ಯಾಟರಿ ಹಸಿದು ತುಂಬಿಕೊಳ್ಳುತ್ತಿತ್ತು. ಆ ಬಿಸಿ, ನಾನು ಅಷ್ಟು ಬುದ್ಧಿವಂತಿಕೆಯಿಂದ ಕೊರೆದ ತೂತುಗಳಿಂದ ಮೇಲಕ್ಕೆ ಹೋಗಿ ಉಷ್ಣಮಾಪಕದ ಗೂಡು ಸೇರುತ್ತಿತ್ತು. ಉಷ್ಣಮಾಪಕವನ್ನು ಶಾಖದ ಮೂಲದಿಂದ ದೂರ ಇಡಬೇಕು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ತಪ್ಪು ಬರೆದವರ ಅಂಕ ಕತ್ತರಿಸಿದ ಕೈ ಇದು.

ಸಂಜೆ ನಮ್ಮ ಮನೆಯವರಿಗೆ ಹೇಳಿದೆ. ಅವರು ನಗಲಿಲ್ಲ. "ಗುಂಪಿನ್ಯಾಗ ಹೇಳಿಬಿಡು" ಎಂದರು.

"ನಾಳೆ ಹೇಳ್ತೀನ್ರಿ."

ನಾಳೆ ನಾನು ಮಾಡಿದ್ದೇನು ಗೊತ್ತೇ? ಯಾದಗಿರಿಯಿಂದ ಉದ್ದ ತಂತಿ ತರಿಸಿ, ಬ್ಯಾಟರಿಯನ್ನು ಮೆಟ್ಟಿಲ ಕೆಳಗಿನ ನೆರಳಿಗೆ ಸಾಗಿಸಿ, ತೂತಿನ ಡಬ್ಬಿಯನ್ನು ಅಟ್ಟದ ಮೇಲೆ ಎತ್ತಿಟ್ಟೆ. ಗುಂಪಿನಲ್ಲಿ ಬರೆದೆ: "ಇಂದು ತಾಪಮಾನ ನಲವತ್ಮೂರು. ತುಸು ಇಳಿಕೆ." ನಲವತ್ಮೂರು ನಿಜ. ಇಳಿಕೆ ಎಂಬ ಒಂದು ಶಬ್ದ ಮಾತ್ರ ಸುಳ್ಳು. ಆ ಒಂದು ಶಬ್ದದ ಹಿಂದೆ ನಾನು ಅಡಗಿ ಕೂತೆ. ಗುಮಾಸ್ತರು ಎರಡು ಕೈ ಜೋಡಿಸಿದರು. ಇನ್ಯಾರೋ, "ಅಂತೂ ತಂಪಾತು ಟೀಚರ್" ಎಂದು ಬರೆದರು. ತಂಪಾಗಿತ್ತಂತೆ! ಇಲ್ಲದ ಬಿಸಿಲಿಗೆ ಬೆವರಿದ ಮಂದಿ ಇಲ್ಲದ ತಂಪಿಗೆ ಸುಖಪಟ್ಟರು. ಯಾರಿಗೂ ಏನೂ ಹಾನಿಯಾಗಲಿಲ್ಲವಲ್ಲ ಎಂದುಕೊಂಡೆ. ರಾತ್ರಿ ಊಟ ಬಡಿಸುವಾಗ ನಮ್ಮ ಮನೆಯವರು ಮುಖ ನೋಡುತ್ತಿದ್ದರು. ನಾನು ಸಾರಿನ ಕಡೆ ನೋಡುತ್ತಿದ್ದೆ.

ಹೀಗೆ ಒಂದು ವಾರ ಕಳೆದಿರಬೇಕು. ಮಾನಮ್ಮ ಬಂದಳು. ಜೊತೆಗೆ ಇನ್ನೂ ಕೆಲವು ಹೆಂಗಸರಿದ್ದರು. ಒಳಗೆ ಬನ್ನಿರೆಂದರೂ ಬರಲಿಲ್ಲ, ಕಟ್ಟೆಯ ಕೆಳಗೇ ನಿಂತರು.

"ಟೀಚರ, ಒಂದು ಮಾತು ಕೇಳಾಕ ಬಂದೀವ್ರಿ. ಬಿಸಲು ಕಮ್ಮಿ ಆಗ್ಯಾದಂತ ನೀವು ಬರದೀರಂತಲ್ರಿ?"

"ಯಾರು ಹೇಳಿದ್ರು?"

"ಇಂಜಿನಿಯರ್ ಸಾಹೇಬ್ರು. ಟೀಚರ್ ಮಷೀನೇ ಇಳದದಂತ ಹೇಳ್ತದ, ಇನ್ನ ಮೊದಲಿನ ಟೈಮಿಗೇ ಬರ್ರಿ ಅಂದ್ರು. ಹೋದ್ವಿ. ನಿನ್ನಿ ನಮ್ಮ ನೆಗೆಣ್ಣಿ, ಮೈದುನನ ಹೇಣ್ತಿ, ಭೀಮಬಾಯಿ ಹೂಳಿನ ಬುಟ್ಟಿ ತಲಿಮ್ಯಾಲೆ ಇಟಗೊಂಡಾಕಿ ಹಂಗೇ ಕುಸದು ಬಿದ್ಲು. ದವಾಖಾನಿಗಿ ಹಾಕೀವಿ. ಬಾಟಲಿ ಏರಿಸ್ಯಾರ." ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ನಮಗ ಕಮ್ಮಿ ಆಗಿದ್ದು ಗೊತ್ತಾಗವಲ್ದ್ರಿ. ಖರೇನ ಇಳದದೇನು, ಅದನ್ನ ಕೇಳಬೇಕಂತ ಬಂದ್ವಿ."

ಆಕೆಯ ದನಿಯಲ್ಲಿ ಸಂಶಯವಿರಲಿಲ್ಲ. ತನ್ನ ಮೈಯೇ ಸುಳ್ಳು ಹೇಳುತ್ತಿರಬಹುದು, ಯಂತ್ರ ಹೇಳಲಿಕ್ಕಿಲ್ಲ ಎಂಬ ಭಾವವಿತ್ತು.

"ಇಳದಿಲ್ಲ ಮಾನಮ್ಮ" ಎಂದೆ. "ಏರಿದ್ದೂ ಇಲ್ಲ. ನನ್ನ ಬ್ಯಾಟರಿ ಬಿಸಿ ಮಷೀನಿಗೆ ಬಡದು ತಪ್ಪು ತೋರಸ್ತಿತ್ತು. ನಾನು ಅದನ್ನ ತಗದೆ. ಅದಕ್ಕ ನಂಬರ್ ಇಳೀತು. ಬಿಸಲು ಇದ್ದಷ್ಟೇ ಅದ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾನಮ್ಮ ಕೇಳಿದಳು, "ಇದು ನಿಮಗ ಎಂದ ಗೊತ್ತಾತ್ರಿ?"

"ಹೋದ ವಾರ."

"ಮತ್ತ ಹೇಳಲಿಲ್ರಿ?"

"ನಾಚಿಕಿ ಆತು."

ಆಕೆ ಬೈದಿದ್ದರೆ ಚೆನ್ನಾಗಿತ್ತು. "ನಾಚಿಕಿ ಆದ್ರ ಮುಖ ಮುಚಗೊಂಡಾದ್ರೂ ಹೇಳಬೇಕಿತ್ತಲ್ರಿ ಟೀಚರ. ಆಕಿ ಅಲ್ಲಿ ಬಾಯಿ ತೆರದು ಬಿದ್ದಿದ್ಲು" ಎಂದಳು. ಅಷ್ಟೇ. ತಿರುಗಿ ನಡೆದಳು, ಉಳಿದವರೂ ನಡೆದರು.

ಅವರು ಓಣಿ ದಾಟುವ ಮೊದಲೇ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ಡಬ್ಬಿ, ತೂತು, ಗೂಡು, ಇಳಿಕೆ ಎಂಬ ಸುಳ್ಳು, ಒಂದನ್ನೂ ಬಿಡಲಿಲ್ಲ. ಉತ್ತರಗಳು ಬರತೊಡಗಿದವು. ರಾಚಪ್ಪ, "ಹಂಗಾದ್ರ ಗುಡ್ಡದ ಕಥಿ ಏನಾತ್ರಿ?" ಎಂದು ಕೇಳಿ ನಗುವ ಮುಖಗಳ ಸಾಲೇ ಕಳಿಸಿದ. ನಮ್ಮ ಶಾಲೆಯ ಗಣಿತದ ಮಾಸ್ತರರು ಒಂದು ಹಂಚಿನ ಚಿತ್ರ ಹಾಕಿದರು. ಗುಮಾಸ್ತರು ಮಾತ್ರ ಎಂದಿನಂತೆ ಎರಡು ಕೈ ಜೋಡಿಸಿದರು. ಪತ್ರಕರ್ತರಿಗೂ ಫೋನು ಮಾಡಿದೆ. "ಟೀಚರ್, ಈಗ ಯಾರಿಗಿ ನೆನಪದ ಬಿಡ್ರಿ" ಎಂದರು. ನೆನಪಿದ್ದವರು ಇದ್ದರು. ಹೂಳು ಹೊರುವ ಅವರ ಮನೆಗೆ ಪೇಪರು ಬರುವುದಿಲ್ಲ.

ಸಂಜೆ ಭೀಮಬಾಯಿಯನ್ನು ನೋಡಲು ದವಾಖಾನೆಗೆ ಹೋದೆ. ಎದ್ದು ಕೂತಿದ್ದಳು. ನನ್ನ ಗುರುತು ಹತ್ತಲಿಲ್ಲ. ನಾನು ಯಾರೆಂದು ಹೇಳಿದೆ. "ನೀವು ಯಾಕ ಬಂದ್ರಿ, ನಿಮಗ ತಕ್ಲೀಫು" ಎಂದಳು. ತಂದಿದ್ದ ಎಳನೀರನ್ನು ಮೇಜಿನ ಮೇಲಿಟ್ಟು, ನಿಲ್ಲಲಾರದೆ ಹೊರಗೆ ಬಂದೆ.

ಮರುದಿನ ಇಂಜಿನಿಯರರ ಆಫೀಸಿಗೆ ಹೋದೆ. ಕೆಟ್ಟ ಮನುಷ್ಯರಲ್ಲ, ಮೇಜಿನ ತುಂಬ ಕೆಲಸವಿದ್ದ ತರುಣ. ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು.

"ಟೀಚರ್, ಮೊದಲ ನಲವತ್ತೇಳು ಅಂದ್ರಿ, ಟೈಮ್ ಬದಲಿ ಮಾಡಿದೆ. ಆಮ್ಯಾಲೆ ನಲವತ್ಮೂರು ಅಂದ್ರಿ, ವಾಪಸ್ ಮಾಡಿದೆ. ಈಗ ಬಂದು ಮೊದಲಿಂದು ತಪ್ಪು, ಆದ್ರೂ ಮತ್ತ ಬದಲಿ ಮಾಡ್ರಿ ಅಂತೀರಿ. ನಾ ಯಾವ ನಂಬರ್ ನಂಬಲಿ ಹೇಳ್ರಿ?"

"ನನ್ನ ಯಾವ ನಂಬರೂ ನಂಬಬ್ಯಾಡ್ರಿ ಸರ್. ನಾಳೆ ಮಧ್ಯಾಹ್ನ ನೀವೇ ಕೆರಿಗಿ ಬಂದು ನಿಂದರ್ರಿ. ನಾನೂ ಬರ್ತೀನಿ."

"ನೀವು ಅಲ್ಲಿಗಿ ಹೋಗೀರೇನ್ರಿ?"

ಹೋಗಿರಲಿಲ್ಲ. ಇಷ್ಟು ದಿನ ಬಿಸಿಲು ಅಳೆದವಳು, ಫ್ಯಾನಿನ ಕೆಳಗೆ ಕೂತು ಪರದೆ ನೋಡಿದವಳು, ಒಂದು ದಿನವೂ ಮಟಮಟ ಮಧ್ಯಾಹ್ನ ಆ ಕೆರೆಯಂಗಳಕ್ಕೆ ಕಾಲಿಟ್ಟಿರಲಿಲ್ಲ.

ಮರುದಿನ ಹೋದೆ. ಕೆರೆಯೆಂದರೆ ಹಿಟ್ಟು ನಾದುವ ಪರಾತದಂಥ, ಬಿರಿದ ಕರಿಮಣ್ಣಿನ ಒಂದು ದೊಡ್ಡ ತಗ್ಗು. ಹೆಂಗಸರು ತಲೆಗೆ ಅರಿವೆ ಸುತ್ತಿಕೊಂಡು, ಗುದ್ದಲಿಯಿಂದ ಕೆದರಿದ್ದನ್ನು ಬುಟ್ಟಿಗೆ ತುಂಬಿ ದಂಡೆ ಹತ್ತುತ್ತಿದ್ದರು. ಮಣ್ಣಿನಿಂದ ಮೇಲೇಳುವ ಕಾವು ಸೀರೆಯ ಒಳಗೆ ನುಗ್ಗುತ್ತಿತ್ತು. ಇಂಜಿನಿಯರರು ಜೀಪಿನಲ್ಲಿ ಬಂದರು. ಇಳಿದು, ಹಣೆಗೆ ಕೈ ಅಡ್ಡ ಹಿಡಿದು ದಂಡೆಯ ಮೇಲೆ ನಿಂತರು. ಸ್ವಲ್ಪ ಹೊತ್ತಿಗೆ ಅವರು ಕಾಲು ಬದಲಿಸತೊಡಗಿದರು. ಕರವಸ್ತ್ರ ತೆಗೆದು ಮುಖ ಒರೆಸಿದರು. ಅದು ಒದ್ದೆಯಾಗಿ ಕೆಲಸಕ್ಕೆ ಬಾರದಾಯಿತು. "ನೀರು ಅದೇನ್ರಿ?" ಎಂದು ಕೇಳಿದರು. ಒಬ್ಬ ಹೆಂಗಸು ತಂಬಿಗೆ ತಂದುಕೊಟ್ಟಳು. ಕುಡಿದು, ತಂಬಿಗೆ ಮರಳಿ ಕೊಟ್ಟು, ಮೇಸ್ತ್ರಿಯನ್ನು ಕರೆದು, "ನಾಳಿಂದ ನಸುಕಿನ ಟೈಮು. ಮಳಿ ಬರೂತನಕ ಇದೇ ಇರಲಿ" ಎಂದರು. ನನ್ನ ಕಡೆ ತಿರುಗಿ, "ನಂಬರ್ ಬರಿಯಂಗಿಲ್ಲ ಟೀಚರ್. ಬಿಸಲು ಅಂತ ಅಷ್ಟೇ ಬರೀತೀನಿ" ಎಂದು ಜೀಪು ಹತ್ತಿದರು.

ಅಂದಿನ ಕೆಲಸ ಮಾತ್ರ ಹಾಜರಿ ಫೋಟೋದವರೆಗೆ ನಡೆಯಲೇಬೇಕಿತ್ತು. ನಾನು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಹೂಳಿನ ಗುಡ್ಡೆಯ ಮೇಲೆ, ತಲೆಗೆ ಸೆರಗೂ ಹೊದೆಯದೆ, ಬಿಸಿಲಿನಲ್ಲಿ ಕೂತೆ. ಕೂತರೆ ಏನೋ ತೀರುತ್ತದೆಂದು ಅನ್ನಿಸಿತ್ತು. ನೆತ್ತಿ ಸುಡುತ್ತಿತ್ತು, ಸುಡಲಿ ಎಂದುಕೊಂಡೆ.

ಊಟದ ಹೊತ್ತಾಯಿತು. ಹೆಂಗಸರು ದಂಡೆಯ ಜಾಲಿಗಿಡದ ಕೆಳಗೆ ಸೇರಿದರು. ಜಾಲಿಯ ನೆರಳು ನಿಮಗೆ ಗೊತ್ತು, ಅರ್ಧ ಬಿಸಿಲೇ ಇರುತ್ತದೆ. ಬುತ್ತಿ ಬಿಚ್ಚಿದರು. ಯಾರೂ ನನ್ನ ಕಡೆ ನೋಡಲಿಲ್ಲ. ಮಾನಮ್ಮ ರೊಟ್ಟಿ ಮುರಿದವಳು ನಿಲ್ಲಿಸಿ, ಅಲ್ಲಿಂದಲೇ ಕೂಗಿದಳು:

"ಟೀಚರ, ಅಲ್ಲಿ ಯಾಕ ಕುಂತೀರಿ?"

"ಇರಲಿ ಮಾನಮ್ಮ."

"ಏನ್ ಇರಲ್ರಿ? ನೀವು ಬಿಸಲಾಗ ಕುಂತ್ರ ನಮ್ಮ ಬಿಸಲು ಕಮ್ಮಿ ಆಗ್ತದೇನು? ಬಿದ್ರ ಮತ್ತ ನಾವೇ ಎತಗೊಂಡು ಹೋಗಬೇಕು. ಏಳ್ರಿ, ನೆಳ್ಳಿಗಿ ಬರ್ರಿ."

ದನಿಯಲ್ಲಿ ಸಿಟ್ಟು ಹಾಗೇ ಇತ್ತು. ನಾನು ಎದ್ದು, ಸೀರೆಯ ಮಣ್ಣು ಕೊಡವಿಕೊಂಡು ಹೋದೆ. ಆಕೆ ನನ್ನ ಮುಖ ನೋಡದೆ ಬುತ್ತಿಯನ್ನು ತೊಡೆಯ ಮೇಲೆ ಎಳೆದುಕೊಂಡು, ಒಬ್ಬಳು ಕೂಡುವಷ್ಟು ಜಾಗ ಮಾಡಿದಳು.